ಆಲೆಮನೆಗೆ ಸರ್ಕಾರದ ನೀತಿ: ಕೈಗೆ ಬರುವುದೆಷ್ಟು, ಬರುವುದು ಯಾವಾಗ?

ಓದುಗರ ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನ ರೈತರು. ನಾಲೆ ನೀರಿನ ಮೂರು ಎಕರೆ ಗದ್ದೆ, ಅಪ್ಪ ನಡೆಸಿಕೊಂಡು ಬಂದ ಒಂದು ಆಲೆಮನೆ ಇದೆ. ನಾನು ಬಿ.ಕಾಂ. ಮುಗಿಸಿದ್ದೇನೆ. ನನ್ನ ತಮ್ಮ ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದಾನೆ, ಕೆಲಸ ಬಿಟ್ಟು ಊರಿಗೆ ಬರುತ್ತೇನೆ ಅನ್ನುತ್ತಾನೆ. ಇಬ್ಬರೂ ಸೇರಿ ಆಲೆಮನೆ ಸುಧಾರಿಸಿ, ಪುಡಿ ಬೆಲ್ಲ, ಜೋನಿ ಬೆಲ್ಲ ಮಾಡಿ ಪೊಟ್ಟಣ ಕಟ್ಟಿ ಮಾರಬೇಕೆಂದಿದ್ದೇವೆ. ಅಂದಾಜು ಖರ್ಚು 20 ಲಕ್ಷ. ಎಂಟು ಹತ್ತು ಜನಕ್ಕೆ ಕೆಲಸ ಸಿಗುತ್ತದೆ. ಹೊಸ ಕೈಗಾರಿಕಾ ನೀತಿಯಲ್ಲಿ 20 ಲಕ್ಷ ಉದ್ಯೋಗ ಎಂದು ಓದಿದೆವು. ಅದರಲ್ಲಿ ನಮ್ಮಂಥವರಿಗೆ ಏನಿದೆ? ಸಬ್ಸಿಡಿ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಕಮಿಷನ್ ಕೇಳುತ್ತಿದ್ದಾರೆ, ಕೊಡಬಹುದೇ? ಮೈಸೂರಿನ ಕಡೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಹಿಡಿದರೆ ಹೆಚ್ಚು ಅನುಕೂಲವೇ? ಅಪ್ಪ ಮಾತ್ರ, ‘ಸರ್ಕಾರದ ದುಡ್ಡು ನಂಬ್ಕಂಡು ಗಾಣ ಹೂಡಬ್ಯಾಡಿ’ ಅನ್ನುತ್ತಾರೆ.

ಉತ್ತರ:

ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಸಬ್ಸಿಡಿಯ ದುಡ್ಡು ಕೆಲಸ ಶುರುವಾಗುವ ಮುಂಚೆ ಬರುವುದಿಲ್ಲ, ಆದ ಮೇಲೆ ಬರುತ್ತದೆ. ಆ ಮಟ್ಟಿಗೆ ಅವರ ಎಚ್ಚರಿಕೆ ನೂರಕ್ಕೆ ನೂರು ಸರಿ. ಆದರೆ ನಿಮ್ಮ ಗದ್ದೆಯ ನೀರು, ನಿಮ್ಮ ಊರಿನ ಕಬ್ಬು, ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲಕ್ಕಿರುವ ಹೆಸರು, ಇವೆಲ್ಲ ಒಂದು ಕಾಲದ ಸರ್ಕಾರ ಯೋಚಿಸಿ ಹೂಡಿದ ಬಂಡವಾಳದ ಫಲವೇ. ಈ ಎರಡು ಬಗೆಯ ಸರ್ಕಾರಿ ದುಡ್ಡಿನ ನಡುವಿನ ಅಂತರ ತಿಳಿದುಕೊಂಡರೆ ನಿಮ್ಮ ಅರ್ಧ ಗೊಂದಲ ಹೋಗುತ್ತದೆ.

ಮೊದಲು ಆ 20 ಲಕ್ಷ ಉದ್ಯೋಗದ ಮಾತು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದಲ್ಲಿ ರಾಜ್ಯದ ಕೈಗಾರಿಕಾ ನೀತಿ 2025-30 ಬಿಡುಗಡೆಯಾಯಿತು. ಐದು ವರ್ಷದಲ್ಲಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ, 20 ಲಕ್ಷ ಉದ್ಯೋಗ ಎಂಬುದು ಅದರ ಗುರಿ. ಅದು ಮಂಜೂರಾದ ಹಣವಲ್ಲ, ಕಾದಿರಿಸಿದ ಕೆಲಸವೂ ಅಲ್ಲ. ನೀತಿ ಎಂದರೆ ಸರ್ಕಾರ ತಾನೇ ಹಾಕಿಕೊಂಡ ಷರತ್ತುಗಳ ಪಟ್ಟಿ: ಇಂಥ ತಾಲ್ಲೂಕಿನಲ್ಲಿ, ಇಂಥ ಉದ್ಯಮಕ್ಕೆ, ಇಷ್ಟು ಬಂಡವಾಳ ಹೂಡಿದರೆ ಇಷ್ಟನ್ನು ಹಿಂದಿರುಗಿಸುತ್ತೇವೆ ಎಂಬ ಮಾತು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯದಲ್ಲಿಟ್ಟು, ಹೊರಗಿನ ತಾಲ್ಲೂಕುಗಳಿಗೆ ಹೆಚ್ಚು ರಿಯಾಯಿತಿ ಕೊಡುವುದು ಅದರ ಮುಖ್ಯ ಹಂಚಿಕೆ. ಮಂಡ್ಯ, ಮೈಸೂರು ಎರಡೂ ಆ ಹೊರಗಿನ ಭಾಗಕ್ಕೇ ಸೇರುತ್ತವೆ.

ದೊಡ್ಡ ಘೋಷಣೆಗೂ ಕೈಗೆ ಬರುವ ಕೆಲಸಕ್ಕೂ ಎಷ್ಟು ದೂರ ಎಂಬುದಕ್ಕೆ ಮೈಸೂರಿನದೇ ಉದಾಹರಣೆ ಇದೆ. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಎಂಬ ಕಂಪನಿ ರಾಜ್ಯ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಮೈಸೂರಿನ ಕೋಚನಹಳ್ಳಿಯಲ್ಲಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆ, 1,500 ನೇರ ಉದ್ಯೋಗ ಎಂದು ಪತ್ರಿಕೆಗಳ ಮುಖಪುಟದಲ್ಲಿ ಬಂತು. ಆ ಕಾರ್ಖಾನೆ ಬರಲಿಲ್ಲ. ಇನ್ನೊಂದು ಕಡೆ, ಮೈಸೂರಿನಲ್ಲೇ ಹುಟ್ಟಿ ಬೆಳೆದ ಕೇನ್ಸ್ ಟೆಕ್ನಾಲಜಿ ಚಿಪ್‌ಗಳನ್ನು ಜೋಡಿಸಿ ಪರೀಕ್ಷಿಸುವ ತನ್ನ 3,300 ಕೋಟಿಯ ಘಟಕಕ್ಕೆ ಗುಜರಾತಿನ ಸಾನಂದವನ್ನು ಆರಿಸಿಕೊಂಡಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ರಾಜ್ಯಗಳು ಒಂದರ ಮೇಲೊಂದು ಸಬ್ಸಿಡಿ ಏರಿಸುತ್ತ ಕಂಪನಿಗಳನ್ನು ಕರೆಯುವ ಈ ಪೈಪೋಟಿಯಲ್ಲಿ ಎಲ್ಲಿಗಾದರೂ ಹೋಗಬಲ್ಲ ಕಂಪನಿಗೆ ಮಾತ್ರ ಲಾಭ. ನಿಮ್ಮ ಆಲೆಮನೆ ಎಲ್ಲಿಗೂ ಹೋಗುವಂಥದ್ದಲ್ಲ. ಕಬ್ಬು ಕಡಿದ ಮೇಲೆ ಹೊತ್ತು ಕಳೆದಷ್ಟೂ ರಸದ ಗುಣ ಇಳಿಯುತ್ತದೆ, ಗಾಣ ಗದ್ದೆಯ ಹತ್ತಿರವೇ ಇರಬೇಕು. ಊರು ಬಿಟ್ಟು ಹೋಗಲಾರದ ಇಂಥ ಉದ್ಯಮಗಳ ಕಡೆಗೆ ನಮ್ಮ ನೀತಿ ಮಾಡುವವರು ಇನ್ನೂ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸಲ ಬೇರೂರಿದರೆ ಅವು ಇಲ್ಲೇ ಉಳಿಯುತ್ತವೆ, ಇಲ್ಲಿಯವರಿಗೇ ಕೆಲಸ ಕೊಡುತ್ತವೆ.

ಹಿಂದೆ ಹಾಗೆ ನಡೆದದ್ದಕ್ಕೆ ನಿಮ್ಮ ಜಿಲ್ಲೆಯೇ ಸಾಕ್ಷಿ. 1911ರಲ್ಲಿ ಶುರುವಾಗಿ ಎರಡು ದಶಕ ಕಟ್ಟಿದ ಕನ್ನಂಬಾಡಿ ಕಟ್ಟೆ, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ, ಇವು ಬರುವ ಮೊದಲು ಈ ಸೀಮೆಯ ಬಹುಪಾಲು ಮಳೆ ನಂಬಿದ ರಾಗಿಯ ನೆಲ. ನೀರು ಬಂದರೆ ಸಾಲದು, ಆ ನೀರಿನಲ್ಲಿ ಬೆಳೆದದ್ದನ್ನು ಕೊಳ್ಳುವವರೂ ಬೇಕು ಎಂದು ಅಂದಿನ ಮೈಸೂರು ಸರ್ಕಾರಕ್ಕೆ ತಿಳಿದಿತ್ತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಕಬ್ಬಿನ ಬೇಸಾಯಕ್ಕೂ ಕಾರ್ಖಾನೆಗೂ ದುಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದೇ ನಮ್ಮ ಮೈಷುಗರ್. ಆರು ವರ್ಷದ ಮೇಲೆ, 1939ರಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರು, ತಳಿಯ ಸಂಶೋಧನೆ, ಕೊಳ್ಳುವ ಕಾರ್ಖಾನೆ, ಈ ಮೂರನ್ನೂ ಒಟ್ಟಿಗೆ ಯೋಚಿಸಿದ್ದರಿಂದ ಲಕ್ಷಾಂತರ ಜನರ ಬದುಕು ನಿಂತಿತು. ಅದೇ ಮೈಷುಗರ್ ಮುಂದೆ ನಷ್ಟಕ್ಕೆ ಬಿದ್ದು ಗಾಣ ನಿಲ್ಲಿಸಿ, 2022ರಲ್ಲಿ ಮತ್ತೆ ಅರೆಯತೊಡಗಿತು. ನಿಂತ ವರ್ಷಗಳಲ್ಲಿ ಕಬ್ಬು ಬೆಳೆಗಾರರು ಪಟ್ಟ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. ಸಕಾಲದಲ್ಲಿ ಯಂತ್ರ ಬದಲಿಸಿ, ಲೆಕ್ಕ ಸರಿಯಾಗಿಟ್ಟು ನಡೆಸಿಕೊಂಡು ಹೋಗುವುದು ಹೊಸದನ್ನು ಉದ್ಘಾಟಿಸುವುದಕ್ಕಿಂತ ಕಷ್ಟದ ಕೆಲಸ. ಉದ್ಯೋಗ ಉಳಿಯುವುದು ಅದರಿಂದಲೇ.

ಈಗ ನಿಮ್ಮ ವಿಷಯ. 20 ಲಕ್ಷದ ಘಟಕಕ್ಕೆ ರಾಜ್ಯದ ಕೈಗಾರಿಕಾ ನೀತಿಗಿಂತ ಮೊದಲು ನೋಡಬೇಕಾದದ್ದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. 2020ರಲ್ಲಿ ಶುರುವಾದ ಇದರಲ್ಲಿ ಪ್ರತಿ ಜಿಲ್ಲೆಗೂ ಒಂದು ಉತ್ಪನ್ನ ಗೊತ್ತು ಮಾಡಿದ್ದಾರೆ. ಮಂಡ್ಯಕ್ಕೆ ಗೊತ್ತಾಗಿರುವುದು ಬೆಲ್ಲ. ಅರ್ಹ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಮೂಲ ಸಹಾಯಧನ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಇನ್ನೂ ಶೇ. 15 ಸೇರಿಸಿ, ಒಟ್ಟು ಶೇ. 50, ಗರಿಷ್ಠ 15 ಲಕ್ಷದವರೆಗೆ ಕೊಡುತ್ತದೆ. ಇದನ್ನು ನೋಡಿಕೊಳ್ಳುವುದು ಕೆಪೆಕ್ ಎಂಬ ರಾಜ್ಯ ಸರ್ಕಾರದ ಸಂಸ್ಥೆ. ಹೊಸ ಘಟಕಕ್ಕೂ ಆಗುತ್ತದೆ, ಇರುವ ಆಲೆಮನೆಯನ್ನು ಮೇಲ್ದರ್ಜೆಗೆ ಏರಿಸಲೂ ಆಗುತ್ತದೆ. ನಿಮಗೆ ಬೇಕಿರುವುದು ಇದೇ.

ಆದರೆ 20 ಲಕ್ಷಕ್ಕೆ 10 ಲಕ್ಷ ಬಂತು ಎಂದು ಲೆಕ್ಕ ಹಾಕಿಕೊಳ್ಳಬೇಡಿ. ಸಹಾಯಧನದ ಲೆಕ್ಕಕ್ಕೆ ಹಿಡಿಯುವುದು ಯಂತ್ರೋಪಕರಣ ಮತ್ತು ತಾಂತ್ರಿಕ ಕಟ್ಟಡ ಕೆಲಸವನ್ನು. ಕಟ್ಟಡದ ಪಾಲು ಅರ್ಹ ವೆಚ್ಚದ ಶೇ. 30 ಮೀರುವಂತಿಲ್ಲ, ಜಮೀನಿನ ಬೆಲೆ ಸೇರುವುದೇ ಇಲ್ಲ. ನಿಮ್ಮ 20 ಲಕ್ಷದಲ್ಲಿ ನಾಲ್ಕು ಲಕ್ಷ ಕಾಂಪೌಂಡು, ಮಣ್ಣು ತುಂಬಿಸುವುದು, ಓಡಾಟದ ಗಾಡಿ ಎಂದೆಲ್ಲ ಇದ್ದರೆ ಉಳಿದ 16ಕ್ಕೆ ಮಾತ್ರ ಅರ್ಧ, ಅಂದರೆ 8 ಲಕ್ಷ. ನಿಮ್ಮ ಕೈಯಿಂದ ಕನಿಷ್ಠ ಶೇ. 10 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಸಹಾಯಧನ ಬಂದ ಮೇಲೂ ಅದು ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ಸಾಲದ ಹೆಸರಿನಲ್ಲಿ ಬ್ಯಾಂಕಿನಲ್ಲೇ ಕೂರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಘಟಕ ನಡೆದು, ಸಾಲದ ಕಂತು ಸರಿಯಾಗಿ ಕಟ್ಟಿದ್ದರೆ ಆಗ ಸಾಲಕ್ಕೆ ಜಮೆಯಾಗುತ್ತದೆ. ಸಹಾಯಧನ ಬ್ಯಾಂಕಿಗೆ ಬಂದು ಸೇರುವವರೆಗೆ ಪೂರ್ತಿ ಸಾಲಕ್ಕೆ ಬಡ್ಡಿ ನೀವೇ ಕಟ್ಟಬೇಕು. ಹೀಗಾಗಿ ಮೊದಲ ಎರಡು ವರ್ಷದ ನಗದು ಲೆಕ್ಕವನ್ನು ಸಹಾಯಧನ ಶೂನ್ಯ ಎಂದುಕೊಂಡೇ ಬರೆಯಿರಿ. ಹಾಗೆ ಬರೆದೂ ಕಂತು ಕಟ್ಟಲು ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ.

ಇನ್ನೊಂದು ದಾರಿ ಪಿಎಂಇಜಿಪಿ, 2008ರಿಂದ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಆಗಬಹುದು. ಗ್ರಾಮೀಣ ಪ್ರದೇಶದ ಮಹಿಳೆಗೆ ಶೇ. 35 ಸಹಾಯಧನ, ಸ್ವಂತ ಪಾಲು ಬರೀ ಶೇ. 5. ಸಾಮಾನ್ಯ ವರ್ಗದ ಪುರುಷನಾದರೆ ಗ್ರಾಮೀಣದಲ್ಲಿ ಶೇ. 25, ಸ್ವಂತ ಪಾಲು ಶೇ. 10. ಒಂದು ಸುತ್ತಿನ ದುಡಿಯುವ ಬಂಡವಾಳವನ್ನೂ ಯೋಜನಾ ವೆಚ್ಚದಲ್ಲಿ ಸೇರಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. ಆದರೆ ಇದು ಹೊಸ ಘಟಕಕ್ಕೆ ಮಾತ್ರ. ಅಪ್ಪನ ಆಲೆಮನೆಗೆ ಹೊಸ ಹೆಸರು ಬರೆದು ಹೊಸದೆಂದು ತೋರಿಸುವ ಸಲಹೆ ಯಾರಾದರೂ ಕೊಟ್ಟಾರು. ಆ ದಾರಿ ಹಿಡಿಯಬೇಡಿ. ಸ್ಥಳ ಪರಿಶೀಲನೆಗೆ ಬಂದಾಗ ಸಿಕ್ಕಿಬಿದ್ದರೆ ಸಹಾಯಧನ ವಾಪಸ್ ಹೋಗುತ್ತದೆ, ಬ್ಯಾಂಕಿನಲ್ಲಿ ನಿಮ್ಮ ಹೆಸರೂ ಕೆಡುತ್ತದೆ. ಒಂದೇ ಯಂತ್ರಕ್ಕೆ ಎರಡು ಯೋಜನೆಯಲ್ಲಿ ಸಬ್ಸಿಡಿ ಕೇಳುವಂತೆಯೂ ಇಲ್ಲ. ಎರಡೂ ಯೋಜನೆಗಳ ಅವಧಿ ನಿಗದಿಯಾಗಿದ್ದು 2025-26ರ ಹಣಕಾಸು ವರ್ಷದವರೆಗೆ. ಆದ್ದರಿಂದ ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೋ ಜಂಟಿ ಕೃಷಿ ನಿರ್ದೇಶಕರ ಕಚೇರಿಗೋ ಹೋಗಿ, ಈಗ ಯಾವುದು ತೆರೆದಿದೆ ಎಂದು ಕೇಳಿಕೊಳ್ಳಿ.

ಕಮಿಷನ್ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಿಎಂಎಫ್‌ಎಂಇ ಯೋಜನೆಯಲ್ಲಿ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಯೋಜನಾ ವರದಿ ಬರೆಯುವುದು, ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದು, ಬ್ಯಾಂಕಿಗೆ ಓಡಾಡುವುದು, ಆಹಾರ ಸುರಕ್ಷತಾ ನೋಂದಣಿ ಮಾಡಿಸುವುದು, ಎಲ್ಲಕ್ಕೂ ನೆರವಾಗುವುದು ಅವರ ಕೆಲಸ. ಸಾಲ ಮಂಜೂರಾದ ಮೇಲೆ ಅವರಿಗೆ ಯೋಜನೆಯಿಂದಲೇ ಸಂಭಾವನೆ ಹೋಗುತ್ತದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಕೂಡ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಸರ್ಕಾರಿ ಪೋರ್ಟಲಿನಂತೆಯೇ ಕಾಣುವ ಖಾಸಗಿ ವೆಬ್‌ಸೈಟುಗಳು ಇದಕ್ಕೆ ಸಾವಿರಾರು ರೂಪಾಯಿ ಕೀಳುತ್ತವೆ, ವಿಳಾಸ ನೋಡಿಕೊಂಡು ತೆರೆಯಿರಿ. ನೀವು ಬಿ.ಕಾಂ. ಓದಿದವರು. ನಿಮ್ಮ ಘಟಕದ ಯೋಜನಾ ವರದಿಯ ಲೆಕ್ಕವನ್ನು ನೀವೇ ಬರೆಯಬಲ್ಲಿರಿ, ಬರೆಯಲೇಬೇಕು. ಬೇರೆಯವರು ಬರೆದುಕೊಟ್ಟ ವರದಿ ಹಿಡಿದು ಹೋದವರು ಬ್ಯಾಂಕ್ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. ಜಿಲ್ಲಾ ಮಟ್ಟದಲ್ಲಿ ಇಂಥ ವರದಿಗಳನ್ನು ವರ್ಷಗಟ್ಟಲೆ ಓದಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಆ ಮೊದಲ ಪ್ರಶ್ನೆ ಏನಿರುತ್ತದೆ? ಕಬ್ಬು ಎಲ್ಲಿಂದ ತರುತ್ತೀರಿ ಎಂಬುದು. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಿಮ್ಮ ಘಟಕ ಉಳಿಯುವುದೂ ಮುಳುಗುವುದೂ ಈ ಲೆಕ್ಕದ ಮೇಲೆ, ಸಬ್ಸಿಡಿಯ ಮೇಲಲ್ಲ.

ಎಕರೆಗೆ 40 ಟನ್ ಎಂದಿಟ್ಟುಕೊಂಡರೆ ನಿಮ್ಮ ಮೂರು ಎಕರೆಯಲ್ಲಿ 120 ಟನ್ ಕಬ್ಬು. ಗಾಣ ದಿನಕ್ಕೆ ಎಂಟು ಟನ್ ಅರೆದರೆ ಹದಿನೈದೇ ದಿನದಲ್ಲಿ ನಿಮ್ಮ ಕಬ್ಬು ಮುಗಿಯಿತು. ಎಂಟು ಹತ್ತು ಜನಕ್ಕೆ ವರ್ಷದಲ್ಲಿ ನೂರು ದಿನವಾದರೂ ಕೆಲಸ ಕೊಡಬೇಕಾದರೆ 800 ಟನ್ ಬೇಕು, ಅಂದರೆ ಇಪ್ಪತ್ತು ಎಕರೆಯ ಬೆಳೆ. ಉಳಿದ 17 ಎಕರೆಯ ಕಬ್ಬನ್ನು ನೀವು ಕೊಳ್ಳಬೇಕು. ಯಾರ ಜೊತೆ ಪೈಪೋಟಿ ಮಾಡಿ? ಸಕ್ಕರೆ ಕಾರ್ಖಾನೆಗಳ ಜೊತೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ರೂಪಾಯಿ ಎಫ್‌ಆರ್‌ಪಿ (ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) ನಿಗದಿ ಮಾಡಿದೆ. ಕಾರ್ಖಾನೆಗೆ ಹೋದ ರೈತರಿಗೆ ಇಳುವರಿ, ಕಟಾವು, ಸಾಗಣೆ ಎಲ್ಲ ಕಳೆದು ಕೈಗೆ ಬರುವುದು ಅದಕ್ಕಿಂತ ಕಡಿಮೆ, ಬರುವುದೂ ತಡ. ಆಲೆಮನೆಯವರ ಬಲ ಇರುವುದು ಕೂಡಲೇ ನಗದು ಕೊಡುವುದರಲ್ಲಿ. ಟನ್ನಿಗೆ 3,000 ರೂಪಾಯಿ ಕೊಟ್ಟಿರಿ ಎಂದುಕೊಳ್ಳೋಣ. 17 ಎಕರೆಯ 680 ಟನ್ನಿಗೆ 20 ಲಕ್ಷ ರೂಪಾಯಿಗೂ ಮೀರುತ್ತದೆ. ಯಂತ್ರಕ್ಕೆ ಎಷ್ಟೋ ಕಬ್ಬಿಗೂ ಅಷ್ಟೇ ಬೇಕಾಯಿತು. ಅಷ್ಟೂ ಒಟ್ಟಿಗೆ ಬೇಕಿಲ್ಲ, ಬೆಲ್ಲ ಮಾರಿದ ದುಡ್ಡು ತಿರುಗುತ್ತದೆ. ಆದರೂ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಐದಾರು ಲಕ್ಷದ ನಗದು ಮಿತಿ ಸಾಲ ಇಲ್ಲದೆ ಗಾಣ ಓಡುವುದಿಲ್ಲ. ನಿಮ್ಮ 20 ಲಕ್ಷದ ಅಂದಾಜಿನಲ್ಲಿ ಈ ಕಾಲಂ ಇದೆಯೇ? ಹೆಚ್ಚಿನ ವರದಿಗಳಲ್ಲಿ ಇರುವುದಿಲ್ಲ, ಯಂತ್ರ ಬಂದು ಕುಳಿತ ಮೇಲೆ ಕಬ್ಬಿಗೆ ಕಾಸಿಲ್ಲದೆ ಮೀಟರ್ ಬಡ್ಡಿಯವರ ಮನೆ ಬಾಗಿಲಿಗೆ ಹೋಗುತ್ತಾರೆ. ಒಳ್ಳೆಯ ಘಟಕಗಳು ನಿಂತುಹೋಗುವುದು ಇಲ್ಲೇ.

ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ. ಕಬ್ಬು 3,000 ಎಂದರೆ ಕೆಜಿ ಬೆಲ್ಲಕ್ಕೆ ಕಬ್ಬಿನ ಖರ್ಚೇ 30 ರೂಪಾಯಿ ಬಿತ್ತು. ಕೂಲಿ, ಕರೆಂಟು, ಸಾಲದ ಕಂತು ಇನ್ನೂ ಇದೆ. ಒಣಗಿದ ಸಿಪ್ಪೆಯೇ ಸೌದೆಯಾಗುವುದರಿಂದ ಆ ಖರ್ಚು ಉಳಿಯುತ್ತದೆ, ಒಲೆ ಸರಿಯಾಗಿ ಕಟ್ಟಿದ್ದರೆ. ಒಲೆ ಕೆಟ್ಟದಾಗಿದ್ದು ಸಿಪ್ಪೆ ಸಾಲದೆ ಹಳೆ ಟೈರು, ಪ್ಲಾಸ್ಟಿಕ್ ತಂದು ಸುಡುವವರು ಜಿಲ್ಲೆಯಲ್ಲಿ ಇದ್ದಾರೆ. ಆ ಹೊಗೆ ಊರಿನ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಯಂತ್ರದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಸುಧಾರಿತ ಒಲೆ ಇರಲಿ, ಪ್ಯಾಕಿಂಗ್ ಯಂತ್ರ ಆಮೇಲೆ ಬರಲಿ.

ಎಪಿಎಂಸಿಯಲ್ಲಿ ಅಚ್ಚು ಬೆಲ್ಲದ ದರ ದಿನಕ್ಕೊಂದು ಥರ. ಪುಡಿ ಬೆಲ್ಲದ ಪೊಟ್ಟಣಕ್ಕೆ ಹೆಚ್ಚು ಬೆಲೆ ಸಿಗುತ್ತದೆ ನಿಜ, ಆದರೆ ಅಂಗಡಿಯವರು ದುಡ್ಡು ಕೊಡುವುದು ತಿಂಗಳಾದ ಮೇಲೆ. ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈನಿಂದ ಜಿಎಸ್‌ಟಿ ಇದೆ, ಬಿಡಿ ಬೆಲ್ಲಕ್ಕೆ ಇಲ್ಲ. ಬಣ್ಣ ಹಳದಿಯಾಗಲೆಂದು ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುವ ರೂಢಿಯನ್ನು ಮೊದಲ ದಿನದಿಂದಲೇ ಬಿಟ್ಟುಬಿಡಿ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರುವಂತಿಲ್ಲ ಎಂಬ ನಿಯಮವಿದೆ, ದೊಡ್ಡ ಅಂಗಡಿಗಳು ಪರೀಕ್ಷಾ ವರದಿ ಕೇಳುತ್ತವೆ. ಬೆಂಡೆ ಗಿಡದ ಲೋಳೆಯಲ್ಲಿ ಕೊಳೆ ತೆಗೆಯುವ ಹಳೆಯ ಪದ್ಧತಿ ಅಪ್ಪನಿಗೆ ಗೊತ್ತಿರುತ್ತದೆ. ಪುಡಿ ಬೆಲ್ಲಕ್ಕೆ ಪಾಕದ ಹದ, ತೇವ ಎರಡೂ ಬಿಗಿಯಾಗಿರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಪೊಟ್ಟಣದೊಳಗೇ ನೀರೊಡೆದು ಗಟ್ಟಿಯಾಗುತ್ತದೆ. ಇದನ್ನು ಕಲಿಯಲು ನೀವು ದೂರ ಹೋಗಬೇಕಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಲ್ಲದ ಪಾರ್ಕ್ ಇದೆ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಇಡೀ ದೇಶದ ಆಹಾರ ಉದ್ಯಮದವರು ತಂತ್ರಜ್ಞಾನಕ್ಕೆ ಹುಡುಕಿಕೊಂಡು ಬರುವ ಸಂಸ್ಥೆ. ಅದು ಒಂದು ಗಂಟೆಯ ದಾರಿಯಲ್ಲಿರುವುದು ನಿಮಗೆ ಸಿಕ್ಕ ಅತಿ ದೊಡ್ಡ ಸರ್ಕಾರಿ ಸೌಲಭ್ಯ ಎಂದೇ ನಾನು ಹೇಳುತ್ತೇನೆ. ಯಾವ ನೀತಿಯ ಪುಟದಲ್ಲೂ ಅದನ್ನು ರಿಯಾಯಿತಿ ಎಂದು ಬರೆದಿರುವುದಿಲ್ಲ.

ಇದರ ಜೊತೆಗೆ ಒಂದು ಮಾತು ಯೋಚಿಸಿ. ನಿಮ್ಮ ಸುತ್ತ ಐದಾರು ಆಲೆಮನೆಗಳಿವೆ ಅಲ್ಲವೇ? ಪುಡಿ ಮಾಡುವ, ಒಣಗಿಸುವ, ಪೊಟ್ಟಣ ಕಟ್ಟುವ ಯಂತ್ರವನ್ನು ಪ್ರತಿಯೊಬ್ಬರೂ ಸಾಲ ಮಾಡಿ ತಂದರೆ ಎಲ್ಲರ ಯಂತ್ರವೂ ಅರ್ಧ ವರ್ಷ ಸುಮ್ಮನೆ ಕೂರುತ್ತದೆ. ರೈತ ಉತ್ಪಾದಕ ಸಂಸ್ಥೆ ಅಥವಾ ಸ್ವಸಹಾಯ ಸಂಘದ ಹೆಸರಿನಲ್ಲಿ ಸಾಮೂಹಿಕ ಘಟಕ ಮಾಡಿದರೆ ಅದೇ ಯೋಜನೆಯಲ್ಲಿ ಶೇ. 35 ನೆರವು ಸಿಗುತ್ತದೆ, ಬ್ರ್ಯಾಂಡ್ ಮತ್ತು ಮಾರುಕಟ್ಟೆಗೆ ಶೇ. 50ರವರೆಗೆ ಬೇರೆ ಅವಕಾಶವಿದೆ. ಕಬ್ಬು ಕೊಡುವ ರೈತರೂ ಸದಸ್ಯರಾದರೆ ಕಬ್ಬಿನ ಚಿಂತೆಯೂ ಅರ್ಧ ಇಳಿಯುತ್ತದೆ. ಜನ ಒಟ್ಟುಗೂಡಿಸುವುದು ಸುಲಭವಲ್ಲ, ಗೊತ್ತು. ಆದರೆ ನೀತಿಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಹೀಗೆ ಹತ್ತು ಜನ ಒಟ್ಟಿಗೆ ಬಳಸುವ ಸೌಲಭ್ಯಕ್ಕೆ ಕೊಡುವ ಹಣ. ಒಬ್ಬರ ಯಂತ್ರಕ್ಕೆ ಕೊಟ್ಟ ಸಬ್ಸಿಡಿ ಅವರು ಸೋತರೆ ಗುಜರಿಗೆ ಹೋಗುತ್ತದೆ, ಹಂಚಿಕೊಂಡದ್ದು ಇನ್ನೊಬ್ಬರ ಕೈಯಲ್ಲಾದರೂ ಓಡುತ್ತದೆ.

ಬ್ಯಾಂಕಿನವರು ಜಮೀನು ಅಡಮಾನ ಇಡಿ ಎನ್ನಬಹುದು. ಸಣ್ಣ ಉದ್ದಿಮೆಯ ಸಾಲ ಒಂದು ಮಿತಿಯೊಳಗೆ ಇದ್ದರೆ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ; 2010ರಲ್ಲಿ ಆ ಮಿತಿ 10 ಲಕ್ಷ ಇತ್ತು, ಈಗ ಎಷ್ಟೆಂದು ಕೇಳಿಕೊಳ್ಳಿ. ಅದಕ್ಕಿಂತ ಹೆಚ್ಚಿನದಕ್ಕೆ ಸಿಜಿಟಿಎಂಎಸ್‌ಇ ಖಾತರಿ ಇದೆ, ಸಣ್ಣ ಶುಲ್ಕ ಕಟ್ಟಿದರೆ ಸಾಲಕ್ಕೆ ಆ ಸಂಸ್ಥೆಯೇ ಜಾಮೀನು ನಿಲ್ಲುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಆ ಕಾಗದ ಹಿಡಿದು ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಹತ್ತಿರ ಹೋಗಿ. ‘ಆಗಲ್ಲ ಹೋಗಮ್ಮ’ ಎಂದು ಬಾಯಲ್ಲಿ ಹೇಳಿದ್ದಕ್ಕೆ ಮೇಲ್ಮನವಿ ಇಲ್ಲ, ಕಾಗದಕ್ಕೆ ಇದೆ. ಇದು ಹಲವರ ಫೈಲನ್ನು ಮುಂದಕ್ಕೆ ದೂಡಿದ್ದನ್ನು ಕಂಡಿದ್ದೇನೆ.

ಮೈಸೂರಿನ ಕಡೆ ಜಾಗ ಬೇಡ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡಿನ ತಾಂಡ್ಯ ಮುಂತಾದ ಕೈಗಾರಿಕಾ ಪ್ರದೇಶಗಳು ವಾಹನದ ಬಿಡಿಭಾಗ, ಎಲೆಕ್ಟ್ರಾನಿಕ್ಸ್, ದೊಡ್ಡ ಆಹಾರ ಕಂಪನಿಗಳಿಗೆ ಹೊಂದುತ್ತವೆ. ಬೆಲ್ಲಕ್ಕೆ ಕಬ್ಬಿನ ಗದ್ದೆ ಹತ್ತಿರವಿರಬೇಕು. ಮುಂದೆ ಪ್ಯಾಕಿಂಗ್ ಬೇರೆ ಮಾಡುವಷ್ಟು ಬೆಳೆದರೆ ಆಗ ನಿಮ್ಮ ತಾಲ್ಲೂಕಿನ ಗೆಜ್ಜಲಗೆರೆಯನ್ನೋ ಮಂಡ್ಯದ ತೂಬಿನಕೆರೆಯನ್ನೋ ನೋಡಬಹುದು. ಎಕ್ಸ್‌ಪ್ರೆಸ್‌ವೇ ಪಕ್ಕ ಅಂಗಡಿ ಹಾಕಿ ಬೆಲ್ಲ ಮಾರುವ ಆಲೋಚನೆ ಇದ್ದರೆ ಒಮ್ಮೆ ಹಳೇ ರಸ್ತೆಯಲ್ಲಿ ಹೋಗಿ ಬನ್ನಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ 118 ಕಿ.ಮೀ. ರಸ್ತೆ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್ ಮಾಡಿತು. ಸರಕು ಸಾಗಿಸುವವರಿಗೆ ಸಮಯ ಉಳಿಯಿತು, ದಾರಿಬದಿಯ ಹೋಟೆಲು, ಬೊಂಬೆ ಅಂಗಡಿಯವರ ವ್ಯಾಪಾರ ಬಿತ್ತು. ಅವರಿಗೆ ಏನು ಪರ್ಯಾಯ ಎಂದು ರಸ್ತೆ ಯೋಜಿಸುವಾಗಲೇ ಕೇಳಬೇಕಿತ್ತು. ಆ ರಸ್ತೆ ನಿಮಗೆ ಉಪಯೋಗವಾಗುವುದು ಬೆಂಗಳೂರಿನ ಅಂಗಡಿಗಳಿಗೆ ಬೆಳಗಿನ ಹೊತ್ತೇ ಮಾಲು ತಲುಪಿಸಲು.

ನಿಮ್ಮ ಆಲೆಮನೆ ಇರುವ ಜಾಗ ಕೃಷಿ ಜಮೀನೋ, ಪರಿವರ್ತನೆ ಬೇಕೋ ಎಂದು ಸಾಲದ ಅರ್ಜಿಗೂ ಮೊದಲು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ವಿದ್ಯುತ್ ಕಂಪನಿಯಾದ ಸೆಸ್ಕ್‌ನಲ್ಲಿ ಕೈಗಾರಿಕಾ ಸಂಪರ್ಕಕ್ಕೆ ಎಷ್ಟು ಠೇವಣಿ, ಟ್ರಾನ್ಸ್‌ಫಾರ್ಮರ್ ನಿಮ್ಮ ಖರ್ಚಿನಲ್ಲೇ ಹಾಕಿಸಬೇಕೇ ಎಂದೂ ಕೇಳಿ. ಪಂಪ್‌ಸೆಟ್‌ನ ಲೈನಿನಿಂದ ಗಾಣ ಓಡಿಸುವ ಕಾಲ ಮುಗಿಯಿತು. 15 ಕೋಟಿವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ನೋಡುತ್ತದೆ. ಇಲಾಖೆಗಳ ನಡುವೆ ಫೈಲು ಸಿಕ್ಕಿಕೊಂಡರೆ ಅಲ್ಲಿ ಅರ್ಜಿ ಕೊಡಬಹುದು. ಸಮಿತಿ ಇರುವುದೇ ಅದಕ್ಕೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಗುತ್ತಿಗೆ ಕೆಲಸ ಖಾಯಂ ಆಗುತ್ತದೆ, ಸ್ಥಳೀಯರ ಮೀಸಲಾತಿ ಬರುತ್ತದೆ ಎಂದು ಕಾಯುವವರು ಅವನ ಹಾಗೆ ಸಾವಿರಾರು ಜನ. ಕೈಗಾರಿಕೆಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧದ ನಂತರ ಎರಡೇ ದಿನದಲ್ಲಿ ತಡೆಹಿಡಿಯಿತು. ಹರಿಯಾಣದ ಶೇ. 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತ್ತು. ಕನ್ನಡಿಗರ ಉದ್ಯೋಗದ ಬಗೆಗಿನ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಕನ್ನಡಿಗರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆಯೇ. ಆದರೆ ಕಾನೂನು ಬರಲೆಂದು ಕಾಯುತ್ತ ಒಬ್ಬ ಹುಡುಗನ ಪ್ರಾಯ ಕಳೆಯಬಾರದು. ಕಾರ್ಖಾನೆಯಲ್ಲಿ ಯಂತ್ರದ ನಿರ್ವಹಣೆ, ಪಾಳಿಯ ಶಿಸ್ತು ಅವನು ಕಲಿತಿದ್ದರೆ ಅದು ನಿಮ್ಮ ಘಟಕಕ್ಕೆ ದೊಡ್ಡ ಆಸ್ತಿ.

ನೀವು ಕೊಡುವ ಕೆಲಸದ ಬಗ್ಗೆಯೂ ಯೋಚಿಸಿ. ಈಗ ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರು ಉತ್ತರ ಪ್ರದೇಶದಿಂದ ಬಂದ ಕಾರ್ಮಿಕರು. ನಮ್ಮ ಹುಡುಗರು ಆ ಬೆಂಕಿ, ಹೊಗೆಯ ಕೆಲಸಕ್ಕೆ ಬರುವುದಿಲ್ಲ, ಗಾರ್ಮೆಂಟ್ಸ್ ಬಸ್ ಹತ್ತುವ ಹೆಣ್ಣುಮಕ್ಕಳೂ ಬರುವುದಿಲ್ಲ. ಹೊಗೆ ಕೊಳವೆ ಸರಿಯಿದ್ದು, ಪ್ಯಾಕಿಂಗ್ ಕೋಣೆ ಬೆಳಕಾಗಿದ್ದು, ತಿಂಗಳ ಸಂಬಳ, ಪಿಎಫ್ ಇದ್ದರೆ ಊರಿನವರೇ ಬರುತ್ತಾರೆ. ಮೊದಲ ಸಲ ಪಿಎಫ್‌ಗೆ ಸೇರುವ ನೌಕರರಿಗೆ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಎರಡು ಕಂತಿನಲ್ಲಿ ಗರಿಷ್ಠ 15,000 ರೂಪಾಯಿ ಸಿಗುತ್ತದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೇರಿದವರಿಗೆ ಇದು ಅನ್ವಯ. ಮಾಲೀಕರಿಗೂ ಪ್ರೋತ್ಸಾಹಧನ ಇದೆ, ಆದರೆ ಹತ್ತು ಜನರ ಘಟಕ ಅದನ್ನು ಆದಾಯದ ಲೆಕ್ಕಕ್ಕೆ ಹಿಡಿಯಬಾರದು.

ತಮ್ಮ ಈಗಲೇ ರಾಜೀನಾಮೆ ಕೊಡುವುದು ಬೇಡ. ಸಾಲ ಮಂಜೂರಾದ ಪತ್ರ ಕೈಗೆ ಬರಲಿ. ಅಲ್ಲಿಯವರೆಗೆ ಈ ಹಂಗಾಮಿನಲ್ಲಿ ಹಳೆಯ ಕೊಪ್ಪರಿಗೆಯಲ್ಲೇ ಹೈಡ್ರೋಸ್ ಇಲ್ಲದ ಪುಡಿ ಬೆಲ್ಲವನ್ನು ಒಂದೆರಡು ಕ್ವಿಂಟಲ್ ಮಾಡಿ, ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಮಂಡ್ಯ, ಮೈಸೂರಿನ ನಾಲ್ಕು ಅಂಗಡಿಗಳಿಗೆ ಕೊಟ್ಟು ನೋಡಿ. ಅಕ್ಕಪಕ್ಕದ ಎಂಟು ಹತ್ತು ರೈತರಿಂದ ಮುಂದಿನ ವರ್ಷ ಇಷ್ಟು ಕಬ್ಬು ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ಪರೀಕ್ಷಾ ವರದಿ, ಅಂಗಡಿಯವರ ಬಿಲ್ಲು, ರೈತರ ಒಪ್ಪಿಗೆ ಪತ್ರ, ಈ ಮೂರನ್ನೂ ಯೋಜನಾ ವರದಿಯ ಜೊತೆ ಹೊಲಿದು ಬ್ಯಾಂಕಿಗೆ ಕೊಡಿ. ಆ ಫೈಲಿಗೆ ಇಲ್ಲವೆನ್ನಲು ಮ್ಯಾನೇಜರಿಗೂ ಕಷ್ಟವಾಗುತ್ತದೆ.